ಎದ್ದು ನಿಂತು ಒಂದು ಮಾತು



ಹೈಸ್ಕೂಲಿನಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದ ಮೇಷ್ಟ್ರೊಬ್ಬರ ನೆನಪಿಗೆ ಅವರ ಮಕ್ಕಳು ಈ ದತ್ತಿಯನ್ನು ಇಟ್ಟಿದ್ದಾರೆ. ಇಲ್ಲಿಯವರೆಗೆ ಇದರಲ್ಲಿ ಸಾಹಿತ್ಯದ ಮೇಲೆಯೇ ಉಪನ್ಯಾಸಗಳು ನಡೆದಿವೆ. ಈ ಸಲ ನನ್ನನ್ನು ಕರೆಯಲು ಬಂದಾಗ ಅವರ ಹಿರಿಯ ಮಗಳು ಒಂದು ವಿಷಯ ತಿಳಿಸಿದರು. ಅವರ ತಂದೆ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಾಠ ಮಾಡುತ್ತಿರಲಿಲ್ಲವಂತೆ. ಹಿಂದಿನ ಬೆಂಚಿನಲ್ಲಿ ತಾವು ಕೂತು, ಮಕ್ಕಳನ್ನು ಒಬ್ಬೊಬ್ಬರಾಗಿ ಮುಂದೆ ಕರೆದು ಮಾತಾಡಿಸುತ್ತಿದ್ದರಂತೆ. "ಅದರ ಬಗ್ಗೆಯೇ ಮಾತಾಡಿ ಸಾರ್" ಎಂದರು. ನಾನು ಸಂತೋಷದಿಂದ ಒಪ್ಪಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಲೆಕ್ಕವಿಲ್ಲದಷ್ಟು ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತವನು ನಾನು. ಸಭೆಯಲ್ಲಿ ಬಾಯಿ ಬಿಡಲಾರದೆ ನಿಂತ ಮಗುವಿನ ಮುಖ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಅದು ನನ್ನದೇ ಮುಖವಾಗಿತ್ತು.

ನಾನು ಎಂಟನೇ ತರಗತಿಯಲ್ಲಿದ್ದಾಗ ಆಗಸ್ಟ್ 15ರ ಭಾಷಣಕ್ಕೆ ನನ್ನ ಹೆಸರು ಬಂತು. ಪಿಯುಸಿ ಓದುತ್ತಿದ್ದ ಅಣ್ಣ ಒಂದೂವರೆ ಪುಟ ಬರೆದುಕೊಟ್ಟ. ಹದಿನೈದು ದಿನ ಕೊಟ್ಟಿಗೆಯ ಹಿಂದೆ ನಿಂತು ಬಾಯಿಪಾಠ ಮಾಡಿದೆ. ಅದರಲ್ಲಿ 'ದಾಸ್ಯದ ಶೃಂಖಲೆ' ಎಂಬ ಮಾತಿತ್ತು. ಶೃಂಖಲೆ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ. ಆ ದಿನ ಧ್ವಜಸ್ತಂಭದ ಪಕ್ಕದ ಜಗಲಿಯ ಮೇಲೆ ನಿಂತು 'ದಾಸ್ಯದ' ಅಂದೆ. ಮುಂದೆ ಬರಲಿಲ್ಲ. ಮತ್ತೊಮ್ಮೆ 'ದಾಸ್ಯದ' ಅಂದೆ. ಒಂದನೇ ತರಗತಿಯ ಮಕ್ಕಳು ಮಿಠಾಯಿಯ ತಟ್ಟೆಯನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು. ಬದಿಯಲ್ಲಿ ನಿಂತಿದ್ದ ಮೇಷ್ಟ್ರೊಬ್ಬರು ಜೋರಾಗಿ ನಕ್ಕು, "ಸಾಕು, ಇಳಿ" ಎಂದರು. ಇಳಿದೆ. ಆಮೇಲೆ ನಾಲ್ಕು ವರ್ಷ ಯಾವ ಜಗಲಿಯನ್ನೂ ಹತ್ತಲಿಲ್ಲ.

ನನ್ನಲ್ಲಿ ಧೈರ್ಯವಿಲ್ಲ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ನಿಜವಾದ ಕಾರಣ ತಿಳಿಯಲು ಬಹಳ ವರ್ಷ ಬೇಕಾಯಿತು. ಬಾಯಿಪಾಠದಲ್ಲಿ ಒಂದು ಶಬ್ದ ಹಿಂದಿನ ಶಬ್ದದ ಕೈಹಿಡಿದು ಬರುತ್ತದೆ. ನಡುವೆ ಒಂದು ಕೈ ತಪ್ಪಿದರೆ ಹಿಂದಿದ್ದದ್ದೆಲ್ಲ ಅಲ್ಲೇ ನಿಂತುಬಿಡುತ್ತದೆ. ಅರ್ಥ ಗೊತ್ತಿದ್ದವನು ಇನ್ನೊಂದು ಶಬ್ದ ಹಿಡಿದು ಆಚೆ ದಾಟುತ್ತಾನೆ. ಶೃಂಖಲೆ ಎಂದರೆ ಸರಪಳಿ ಎಂದು ಗೊತ್ತಿದ್ದಿದ್ದರೆ 'ಸರಪಳಿ' ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ನನ್ನಲ್ಲಿ ಇಲ್ಲದೇ ಹೋದದ್ದು ಧೈರ್ಯವಲ್ಲ, ವಿಷಯ. ಹಾಗೆಂದು ಬಾಯಿಪಾಠವನ್ನು ನಾನು ಹಳಿಯುತ್ತಿಲ್ಲ. ವಚನ, ಕೀರ್ತನೆ, ಷಟ್ಪದಿಗಳನ್ನು ಕಂಠಪಾಠ ಮಾಡಿದ ಮಗುವಿನ ನಾಲಗೆ ಹದವಾಗುತ್ತದೆ. ಆದರೆ ಇನ್ನೊಬ್ಬರ ಅಭಿಪ್ರಾಯವನ್ನು ಬಾಯಿಪಾಠ ಮಾಡಿಸಿ, ಅದನ್ನು ಮಗುವಿನ ಭಾಷಣ ಎಂದು ಕರೆಯುವುದು ತಪ್ಪು. ಇದು ನಮ್ಮ ಶಾಲೆಗಳಲ್ಲಿ ಇಂದಿಗೂ ನಡೆಯುತ್ತಿದೆ.

ಅಕ್ಟೋಬರ್ 2ರಂದು ಗಾಂಧೀಜಿಯವರ ಮೇಲೆ ಮಕ್ಕಳಿಂದ ಭಾಷಣ ಮಾಡಿಸುತ್ತೇವೆ. ಆ ಗಾಂಧೀಜಿಗೇ ಬಹುಕಾಲ ಭಾಷಣ ಮಾಡಲು ಬರುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ. ಅವರೇ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. 1888ರಲ್ಲಿ ಲಂಡನ್ನಿಗೆ ಓದಲು ಹೋದ ಅವರು ಅಲ್ಲಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಆಯ್ಕೆಯಾದರು. ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ. ಸದಸ್ಯರೊಬ್ಬರನ್ನು ಸಂಘದಿಂದ ತೆಗೆಯುವ ಪ್ರಶ್ನೆ ಬಂದಾಗ ಅದು ಅನ್ಯಾಯವೆಂದು ಅವರಿಗೆ ಬಲವಾಗಿ ಅನ್ನಿಸಿತು. ಅನ್ನಿಸಿದ್ದನ್ನು ಬರೆದುಕೊಂಡು ಹೋದರು. ಎದ್ದು ನಿಂತು ಓದಲು ಆಗಲಿಲ್ಲ, ಬೇರೊಬ್ಬರು ಓದಿದರು. ಬ್ಯಾರಿಸ್ಟರಾಗಿ 1891ರಲ್ಲಿ ಊರಿಗೆ ಮರಳಿದ ಮೇಲೆ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ ಸಿಕ್ಕಿತು. ಶುಲ್ಕ ಮೂವತ್ತು ರೂಪಾಯಿ. ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತರು. ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಹಣ ಹಿಂದಿರುಗಿಸಿ ಕೋರ್ಟಿನಿಂದ ಹೊರಬಿದ್ದರು.

ಎರಡು ವರ್ಷ ಕಳೆದು, 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರ ಒಂದು ಸಭೆಯಲ್ಲಿ ಅದೇ ಮನುಷ್ಯ ನಿಂತು ಮಾತಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಇದೇ ಎಂದು ಅವರು ಬರೆದಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ನಾನು ಈ ಪ್ರಸಂಗವನ್ನು ಹಲವು ಸಲ ಓದಿದ್ದೇನೆ. ಎರಡು ವರ್ಷದಲ್ಲಿ ಏನು ಬದಲಾಯಿತು? ಆ ನಡುವೆ ಯಾವ ಭಾಷಣ ಕಲೆಯ ಗುರುವೂ ಅವರಿಗೆ ಸಿಕ್ಕಿರಲಿಲ್ಲ. ರೈಲಿನಿಂದ ತಳ್ಳಿಸಿಕೊಂಡಿದ್ದರು, ಗಾಡಿಯವನ ಕೈಯಲ್ಲಿ ಏಟು ತಿಂದಿದ್ದರು. ಎದುರು ಕೂತ ವರ್ತಕರೂ ಅಂಥದ್ದನ್ನೇ ದಿನವೂ ನುಂಗಿಕೊಂಡು ಬದುಕುತ್ತಿದ್ದವರು. ನಾವು ಇಲ್ಲಿ ಮರ್ಯಾದೆಯಿಂದ ಬಾಳುವುದು ಹೇಗೆ ಎಂಬ ಪ್ರಶ್ನೆ ಆ ಕೋಣೆಯಲ್ಲಿ ಎಲ್ಲರ ಎದೆಯಲ್ಲೂ ಇತ್ತು. ಗಾಂಧೀಜಿ ಮಾಡಿದ್ದು ಭಾಷಣವಲ್ಲ, ಆ ಪ್ರಶ್ನೆಗೆ ತಮಗೆ ತೋಚಿದ ಉತ್ತರ ಕೊಟ್ಟರು ಎಂದೇ ನನ್ನ ತಿಳಿವಳಿಕೆ.

ಅಲ್ಲಿಗೆ ಭಯ ಬಿಟ್ಟುಹೋಯಿತೆ? ಇಲ್ಲ. 1896ರಲ್ಲಿ ಮುಂಬಯಿಯಲ್ಲಿ, ಫಿರೋಜ್‌ಶಾ ಮೆಹ್ತಾ ಅವರ ಸಲಹೆಯಂತೆ ಭಾಷಣ ಬರೆದು ಅಚ್ಚು ಹಾಕಿಸಿಕೊಂಡು ಸಭೆಗೆ ಹೋದರು. ಮೈ ನಡುಗಿತು, ದನಿ ಏಳಲಿಲ್ಲ. ಕೊನೆಗೆ ಅದನ್ನು ಓದಿದವರು ದಿನ್‌ಶಾ ವಾಚಾ. 1901ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ದಕ್ಷಿಣ ಆಫ್ರಿಕದ ನಿರ್ಣಯ ಮಂಡಿಸಲು ಅವರಿಗೆ ಸಿಕ್ಕಿದ್ದು ಐದು ನಿಮಿಷ. ಮಾತು ನಡೆದಿರುವಾಗಲೇ ಗಂಟೆ ಬಡಿಯಿತು. ಇನ್ನೆರಡು ನಿಮಿಷ ಉಳಿದಿದೆ ಎನ್ನುವ ಎಚ್ಚರಿಕೆಯ ಗಂಟೆ ಅದು ಎಂದು ಅವರಿಗೆ ತಿಳಿಯಲಿಲ್ಲ. ನೊಂದುಕೊಂಡು ಕೂತುಬಿಟ್ಟರು. ಚರ್ಚಾಸ್ಪರ್ಧೆಯಲ್ಲಿ ಮೊದಲ ಗಂಟೆಗೇ ಮಾತು ನುಂಗಿ ಇಳಿದುಹೋದ ಎಷ್ಟೋ ಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆಲ್ಲ ಈ ಕಥೆ ಹೇಳಬೇಕು ಅನ್ನಿಸುತ್ತದೆ. ಆಗ ಗಾಂಧೀಜಿಗೆ ಮೂವತ್ತೆರಡು ವರ್ಷ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಅಧ್ಯಕ್ಷರಾಗಿ ನಿಂತವರೂ ಅವರೇ. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ತಮ್ಮ ಸಂಕೋಚದಿಂದ ತಮಗೆ ನಷ್ಟವಾಗಲಿಲ್ಲ, ಮಾತನ್ನು ಹಿತಮಿತವಾಗಿ ಬಳಸಲು ಅದು ಕಲಿಸಿತು ಎಂದು ಆಮೇಲೆ ಬರೆದರು. ಮಾತಿಗೆ ನಾಚುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ?

ನನ್ನ ವಿಷಯಕ್ಕೆ ಬರುತ್ತೇನೆ. ನಾಲಗೆಯ ಕಟ್ಟು ಬಿಚ್ಚಿದ್ದು ಶಾಲೆಯಲ್ಲಲ್ಲ, ನಮ್ಮೂರ ದೇವಸ್ಥಾನದ ಚಾವಡಿಯಲ್ಲಿ. ನಾನು ಕರಾವಳಿಯವನು. ತಾಳಮದ್ದಲೆ ಎಂದರೆ ಬಯಲುಸೀಮೆಯ ಮಿತ್ರರಿಗೆ ಸ್ವಲ್ಪ ಹೇಳಬೇಕು. ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಲೆಗಳ ಹಿಮ್ಮೇಳವಿರುತ್ತದೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಜಾಡು ಹಿಡಿದು, ಪಾತ್ರವೇ ತಾವಾಗಿ, ಅಲ್ಲೇ ಮಾತು ಕಟ್ಟುತ್ತಾರೆ. ಬರೆದ ಸಂಭಾಷಣೆ ಇಲ್ಲ. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿಯುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯನವರು ಈ ಚಾಪೆಯ ಮೇಲೆ ಬೆಳೆದ ದೊಡ್ಡ ಮಾತುಗಾರರು. ಇದಕ್ಕಿಂತ ಕಠಿಣವಾದ ಆಶುಭಾಷಣ ಸ್ಪರ್ಧೆ ಪ್ರಪಂಚದಲ್ಲಿ ಎಲ್ಲೂ ಇರಲಾರದು ಎಂದು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ಹದಿನೇಳನೇ ವಯಸ್ಸಿನಲ್ಲಿ ಒಂದು ರಾತ್ರಿ ಕೇಳಲು ಹೋಗಿ ಕಂಬಕ್ಕೊರಗಿ ಕೂತಿದ್ದೆ. ಪ್ರಸಂಗ ಅಂಗದ ಸಂಧಾನ. ರಾವಣನ ಮಂತ್ರಿ ಪ್ರಹಸ್ತನ ಅರ್ಥ ಹೇಳಬೇಕಿದ್ದವರು ಬರಲಿಲ್ಲ. ರಾವಣನ ಅರ್ಥ ಹೇಳುತ್ತಿದ್ದ ಹಿರಿಯರು, ಊರಿನಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದವರು, ನನ್ನನ್ನು ಕೈಸನ್ನೆಯಿಂದ ಕರೆದು ಪಕ್ಕದಲ್ಲಿ ಕೂರಿಸಿದರು. "ನನಗೆ ಬರೂದಿಲ್ಲ" ಎಂದೆ. "ಕೇಳಿದ್ದಕ್ಕೆ ಹೇಳು, ಸಾಕು" ಎಂದರು. ಪದ್ಯ ಮುಗಿಯಿತು. ಅವರು ನನ್ನ ಕಡೆ ತಿರುಗಿ, "ಪ್ರಹಸ್ತಾ, ಹೆಬ್ಬಾಗಿಲಲ್ಲಿ ಅದೇನು ಗದ್ದಲ?" ಎಂದು ಕೇಳಿದರು. ನನ್ನ ಗಂಟಲು ಒಣಗಿತ್ತು. "ಒಂದು ಕಪಿ ಬಂದಿದೆ, ಪ್ರಭೂ" ಎಂದೆ. "ಕಪಿ ಎಂದರೆ ಸಾಕೆ? ಮೊದಲು ಬಂದು ಲಂಕೆಯನ್ನು ಸುಟ್ಟದ್ದೋ, ಬೇರೆಯದೋ?" "ಬೇರೆ. ಇದು ಪ್ರಾಯದ್ದು." "ಹೆದರಿದ ಹಾಗೆ ಕಾಣುತ್ತದೋ?" ನಾನು ಒಂದು ಕ್ಷಣ ಯೋಚಿಸಿದೆ. "ಇಲ್ಲ ಪ್ರಭೂ, ಹೆದರಿದ್ದು ನಮ್ಮ ಕಾವಲಿನವರು" ಎಂದೆ. ಸಭೆ ನಕ್ಕಿತು. ಎಂಟನೇ ತರಗತಿಯಲ್ಲಿ ಕೇಳಿದ ನಗುವಿಗಿಂತ ಅದು ಪೂರ್ತಿ ಬೇರೆ ನಗು. ಅಲ್ಲಿಂದ ಮುಂದೆ ಹತ್ತು ನಿಮಿಷ ನಾನು ಮಾತಾಡಿದೆನಂತೆ. ಬೆಳಗಿನ ಜಾವ ಚಹಾ ಕುಡಿಯುವಾಗ ಆ ಹಿರಿಯರು ಹೇಳಿದ ಮಾತನ್ನು ನಾನು ಈ ಐವತ್ತು ವರ್ಷ ಇಟ್ಟುಕೊಂಡು ಬಂದಿದ್ದೇನೆ. "ನೀನು ಮಾತಾಡಿದ್ದಲ್ಲ ಮಾರಾಯ, ಉತ್ತರ ಕೊಟ್ಟದ್ದು. ಅರ್ಥ ಹೇಳುವುದೆಂದರೆ ಅಷ್ಟೇ."

ಇಂದು ನಾನು ಹೇಳಬೇಕಾದ್ದೂ ಅದೇ. ಧೈರ್ಯವಾಗಿ ಮಾತಾಡುವವರೆಲ್ಲ ಯಾವುದೋ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಸಭೆಯಲ್ಲಿ ಯಾರಿಗೂ ಇಲ್ಲದ ಪ್ರಶ್ನೆಗೆ ಉತ್ತರ ಹೇಳಲು ಹೊರಟಾಗಲೇ ನಾಲಗೆ ಒಣಗುವುದು. ಆದ್ದರಿಂದ ಭಾಷಣ ಬರೆಯಲು ಕೂತ ವಿದ್ಯಾರ್ಥಿ ಮೊದಲು ಹಾಳೆಯ ಮೇಲೆ ಪ್ರಶ್ನೆಯನ್ನು ಬರೆಯಲಿ. 'ಪರಿಸರ ಸಂರಕ್ಷಣೆ' ಎಂಬುದು ಪ್ರಶ್ನೆಯಲ್ಲ. 'ನಮ್ಮೂರ ಕೆರೆಗೆ ಈ ವರ್ಷ ನೀರು ಯಾಕೆ ಬರಲಿಲ್ಲ' ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವನು ಕೆರೆಯ ತೂಬಿನವರೆಗೆ ನಡೆದುಹೋಗಬೇಕು, ಅಜ್ಜನ ಹತ್ತಿರ ಕೂತು ಕೇಳಬೇಕು. ತಿರುಗಿ ಬರುವಾಗ ಅವನಿಗೆ ಗೊತ್ತಿರುವುದು ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಹಾಗೆ ಗೊತ್ತಿರುವುದೇ ಧೈರ್ಯ.

ಆ ಹಿರಿಯರು ಮಾಡಿದ ಇನ್ನೊಂದು ಉಪಕಾರವನ್ನು ಅಧ್ಯಾಪಕರು ಗಮನಿಸಬೇಕು. ಅವರು ರಾವಣ. ನನ್ನನ್ನು ಒಂದೇ ಮಾತಿನಲ್ಲಿ ಕೂರಿಸಿಬಿಡಬಹುದಿತ್ತು. ಅದರ ಬದಲು, ನಾನು ಹತ್ತಬಲ್ಲಷ್ಟೇ ಎತ್ತರದ ಮೆಟ್ಟಿಲುಗಳನ್ನು ಒಂದೊಂದಾಗಿ ಇಟ್ಟುಕೊಟ್ಟರು. ಕಲಿಯುವವನಿಗೆ ಬೇಕಾದದ್ದು ಸಣ್ಣ ಸಭೆ, ತನ್ನದೆಂಬ ಸರದಿ, ಆಮೇಲೆ ಪ್ರೀತಿಯಿಂದ ತಪ್ಪು ತೋರಿಸುವ ಒಬ್ಬರು. ಅಮೆರಿಕದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಕ್ಯಾಲಿಫೋರ್ನಿಯಾದ ಸಾಂಟಾ ಅನಾ ಊರಿನಲ್ಲಿ ಟೋಸ್ಟ್‌ಮಾಸ್ಟರ್ಸ್ ಕೂಟ ಶುರುಮಾಡಿದ್ದೂ ಬೆಳಗಾವಿ ಅಧಿವೇಶನ ನಡೆದ 1924ರಲ್ಲೇ. ಈಗ ಬೆಂಗಳೂರಿನ ಕಂಪನಿಗಳಲ್ಲೂ ಅದರ ಕೂಟಗಳಿವೆ. ಅಲ್ಲಿಯೂ ಇರುವುದು ಇಷ್ಟೇ: ಸಣ್ಣ ಕೋಣೆ, ಎಲ್ಲರಿಗೂ ಸರದಿ, ಪ್ರತಿ ಭಾಷಣಕ್ಕೂ ಒಬ್ಬ ವಿಮರ್ಶಕ. ಈ ದತ್ತಿಯ ಮೇಷ್ಟ್ರು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಯಾವ ಖರ್ಚೂ ಇಲ್ಲದೆ ಅದನ್ನೇ ಮಾಡುತ್ತಿದ್ದರು.

ಈಗ ನನ್ನ ಮನಸ್ಸನ್ನು ಬಹಳ ಕಾಡಿದ ಒಂದು ಪ್ರಸಂಗ. ಹಳೇ ಮೈಸೂರು ಕಡೆಯ ಒಂದು ಸ್ಪರ್ಧೆಯಲ್ಲಿ ನಾನು ಇನ್ನೊಬ್ಬರ ಜೊತೆ ತೀರ್ಪುಗಾರನಾಗಿದ್ದೆ. ವಿಷಯ, ಹಳ್ಳಿಯ ಬದುಕು. ಒಂದೊಂದೇ ಮಗು ಬಂದು, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರಿಗೆ ವಂದಿಸಿ, ಹಳ್ಳಿಯೇ ದೇಶದ ಬೆನ್ನೆಲುಬು ಎಂದು ಹೇಳಿ ಹೋಯಿತು. ಒಬ್ಬಳು ಹುಡುಗಿ ಮಾತ್ರ ತನ್ನ ಮನೆಯ ರೇಷ್ಮೆ ಸಾಕಣೆಯ ಬಗ್ಗೆ ಹೇಳಿದಳು. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ತಿನ್ನುವ ಸದ್ದು ಮಾಳಿಗೆಯ ಮೇಲೆ ಮಳೆ ಬಂದ ಹಾಗೆ ಕೇಳುತ್ತದೆ, ಆ ವಾರ ಮನೆಯಲ್ಲಿ ಯಾರೂ ಪೂರ್ತಿ ನಿದ್ದೆ ಮಾಡುವುದಿಲ್ಲ, ಪರೀಕ್ಷೆ ಇದ್ದರೂ ಸೊಪ್ಪು ಹಾಕಿಯೇ ಓದಬೇಕು ಎಂದಳು. ನಾನು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಅವಳ ಬಾಯಲ್ಲಿ ಹುಳ ಎಂಬುದು 'ಉಳ' ಆಗಿತ್ತು. ಜೊತೆಯ ತೀರ್ಪುಗಾರರು ಪ್ರತಿಸಲವೂ ಒಂದೊಂದು ಗೆರೆ ಹಾಕುತ್ತಾ ಹೋದರು. ಕೊನೆಗೆ ಉಚ್ಚಾರಣೆಗೆಂದು ಇಟ್ಟ ಅಂಕವಷ್ಟೇ ಅಲ್ಲ, ವಿಷಯದ ಅಂಕವೂ ಹೋಯಿತು. ಅವಳಿಗೆ ಯಾವ ಬಹುಮಾನವೂ ಬರಲಿಲ್ಲ. ಆ ದಿನ ನಾನು ಜಗಳವಾಡಬೇಕಾಗಿತ್ತು. ಆಡಲಿಲ್ಲ. ಇವತ್ತಿಗೂ ಆ ಪಶ್ಚಾತ್ತಾಪ ಇದೆ.

ಹಕಾರ ಅಕಾರಗಳನ್ನು ತಿದ್ದಿಕೊಳ್ಳಬಹುದು, ತಿದ್ದಬೇಕು ಕೂಡ. ಆರು ತಿಂಗಳು ಗಟ್ಟಿಯಾಗಿ ಓದಿದರೆ ಅದು ಸರಿಯಾಗುತ್ತದೆ. ಆದರೆ ನಿನ್ನ ಮನೆಯ ಮಾತೇ ತಪ್ಪು ಎಂದು ಸಭೆಯಲ್ಲಿ ಹೇಳಿಸಿಕೊಂಡ ಮಗುವಿನ ಬಾಯಿ ಆರು ವರ್ಷವಾದರೂ ತೆರೆಯುವುದಿಲ್ಲ. ಇಂದು ಇಂಗ್ಲಿಷಿನ ಮುಂದೆ ನಮ್ಮ ಮಕ್ಕಳು ಹೀಗೆಯೇ ಕುಗ್ಗುತ್ತಿದ್ದಾರೆ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಕೊಟ್ಟರು. ಕಲಿತವರು ಸಭೆಯಲ್ಲಿ ಕನ್ನಡ ಆಡಲು ಹಿಂಜರಿಯುತ್ತಿದ್ದ ಕಾಲ ಅದು. ಉಪನ್ಯಾಸ ಕೊಟ್ಟವರು ಇಂಗ್ಲಿಷ್ ಅಧ್ಯಾಪಕರು, ವಯಸ್ಸು ಇಪ್ಪತ್ತೇಳು. ಇಂಗ್ಲಿಷ್ ಬರದೆ ಕನ್ನಡಕ್ಕೆ ಬಂದವರಲ್ಲ ಅವರು. ಮೊದಲು ಮನೆಮಾತಿನಲ್ಲಿ ನಿಂತು ಮಾತಾಡಲು ಕಲಿತವನಿಗೆ ಆಮೇಲೆ ಯಾವ ಭಾಷೆಯಲ್ಲೂ ಸಭೆ ಹೊಸದಲ್ಲ. ಇದನ್ನು ನನ್ನ ವಿದ್ಯಾರ್ಥಿಗಳಲ್ಲೇ ಕಂಡಿದ್ದೇನೆ.

ಮೈಯ ಭಯದ ಬಗ್ಗೆ ನೀವು ಕೇಳಬಹುದು. ಎದೆ ಡವಡವ ಅನ್ನುವುದು, ಕೈ ನಡುಗುವುದು, ಬಾಯಿ ಆರುವುದು ರೋಗವಲ್ಲ. ದೊಡ್ಡ ಕೆಲಸಕ್ಕೆ ದೇಹ ಸಜ್ಜಾಗುವ ರೀತಿ ಅದು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ನಾಲ್ಕಾರು ಸಲ ಹಾಗೆ ಮಾಡಿ ಎದ್ದೇಳಿ. ಇನ್ನೊಂದು ವಿಷಯ ತಿಳಿದಿರಲಿ. ಸಾವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದ ವಿದ್ಯಾರ್ಥಿಗಳು ತಮ್ಮ ಅಳುಕು ಸಭೆಗೆ ಎಷ್ಟು ಕಾಣಿಸಿತೆಂದು ಊಹಿಸಿದ್ದರೋ ಅಷ್ಟು ಕಾಣಿಸಿರಲಿಲ್ಲ. ಈ ಸತ್ಯವನ್ನು ಮೊದಲೇ ತಿಳಿಸಿದಾಗ ವಿದ್ಯಾರ್ಥಿಗಳು ಇನ್ನೂ ಚೆನ್ನಾಗಿ ಮಾತಾಡಿದರು. ನಿಮ್ಮ ಎದೆಬಡಿತ ನಿಮಗಷ್ಟೇ ಕೇಳುತ್ತದೆ.

ಪೂರ್ತಿ ಭಾಷಣದ ಹಾಳೆಯನ್ನು ಕೈಯಲ್ಲಿ ಹಿಡಿಯಬೇಡಿ, ನಡುಕ ಹಾಳೆಯಲ್ಲೇ ಮೊದಲು ಕಾಣುವುದು. ಅಂಗೈಯಗಲದ ರಟ್ಟಿನ ಮೇಲೆ ಐದಾರು ಶಬ್ದ ಸಾಕು. ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೂ ಗಟ್ಟಿಮಾಡಿಕೊಂಡಿರಿ, ನಡುವಿನದು ವಿಷಯದ ಬಲದಿಂದ ಬರಲಿ. ಮೈಕನ್ನು ಊದಬೇಡಿ, ತಟ್ಟಬೇಡಿ. ಅರ್ಧ ಗೇಣು ದೂರದಲ್ಲಿ ಬಾಯಿ ಇರಲಿ, ಪಕ್ಕದ ಮನೆಯವರನ್ನು ಕರೆಯುವಷ್ಟು ದನಿ ಸಾಕು. ಮಾತು ನಿಂತುಹೋದರೆ ಈಗಷ್ಟೇ ಆಡಿದ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ. ಸಭೆಗೆ ಅದು ಒತ್ತಿ ಹೇಳಿದ ಹಾಗೆ ಕೇಳಿಸುತ್ತದೆ, ನಿಮಗೆ ದಾರಿ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಅಂಚಿನ ಒಂದು ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನೋಡಲು ಹೋಗಿದ್ದೆ. ವರ್ಷಕ್ಕೊಮ್ಮೆ ಮಕ್ಕಳೇ ಬಂದು ಪಂಚಾಯಿತಿಯವರ ಮುಂದೆ ತಮ್ಮ ಬೇಡಿಕೆ ಇಡುವ ಸಭೆ ಅದು. ಏಳನೇ ತರಗತಿಯ ಒಬ್ಬಳು ಹುಡುಗಿ ಎದ್ದಳು. ಗಣ್ಯರಿಗೆ ವಂದನೆ ಇಲ್ಲ, ಎರಡು ಮಾತಾಡಲು ಇಷ್ಟಪಡುತ್ತೇನೆ ಎಂಬ ಪೀಠಿಕೆ ಇಲ್ಲ. "ನಮ್ಮ ಹಳ್ಳಕ್ಕೆ ಕಾಲುಸಂಕ ಇಲ್ಲ. ಮಳೆಗಾಲದಲ್ಲಿ ನಾವು ಐದು ಮಕ್ಕಳು ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಉಂಟು, ನೋಡಿ. ಈ ಸಲ ಮಳೆ ಬರುವ ಮೊದಲು ಮಾಡಿಕೊಡ್ತೀರಾ?" ಇಷ್ಟು ಹೇಳಿ, ಕೂರದೆ, ಉತ್ತರಕ್ಕಾಗಿ ನಿಂತೇ ಇದ್ದಳು. ಅವಳ ಕೈ ಲಂಗದ ಅಂಚನ್ನು ಮುದುರುತ್ತಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎದ್ದು ನಿಂತು ಉತ್ತರ ಹೇಳಬೇಕಾಯಿತು, ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಾಯಿತು. ನನ್ನ ಮೂವತ್ತು ವರ್ಷದ ತೀರ್ಪುಗಾರಿಕೆಯಲ್ಲಿ ಅಷ್ಟು ಒಳ್ಳೆಯ ಭಾಷಣ ಕೇಳಿಲ್ಲ. ಅದಕ್ಕೆ ಹಿಡಿದದ್ದು ಅರ್ಧ ನಿಮಿಷ.

ಅಧ್ಯಾಪಕ ಮಿತ್ರರಲ್ಲಿ ಒಂದು ಬೇಡಿಕೆ. ವಾರದಲ್ಲಿ ಒಂದು ಪೀರಿಯಡ್ಡನ್ನು ಮಕ್ಕಳಿಗೆ ಬಿಟ್ಟುಕೊಡಿ. ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳನ್ನೇ ಪ್ರತಿವರ್ಷ ಪಾರಿತೋಷಕ ತರಲು ಕಳುಹಿಸುವ ರೂಢಿ ಬಿಡಿ, ಸರದಿ ಎಲ್ಲರಿಗೂ ಬರಲಿ. ಭಾಷಣ ಬರೆದುಕೊಡಬೇಡಿ, ಪ್ರಶ್ನೆ ಕೊಡಿ. ಮಗು ತಡವರಿಸಿದಾಗ ಯಾರೂ ನಗದಂತೆ ನೋಡಿಕೊಳ್ಳಿ. ನೀವಂತೂ ನಗಬೇಡಿ.

ವಿದ್ಯಾರ್ಥಿಗಳೆ, ಸಂಘಟಕರ ಒಪ್ಪಿಗೆ ಪಡೆದು ನನ್ನ ಸಮಯದಲ್ಲಿ ಅರ್ಧ ಗಂಟೆಯನ್ನು ನಿಮಗಾಗಿ ಉಳಿಸಿದ್ದೇನೆ. ನಾನು ಈಗ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಿಮ್ಮ ಊರಿನದೋ ಮನೆಯದೋ ಒಂದು ಪ್ರಶ್ನೆ ತೆಗೆದುಕೊಂಡು ಒಬ್ಬೊಬ್ಬರಾಗಿ ಬನ್ನಿ, ನಿಮಗೆ ಗೊತ್ತಿರುವಷ್ಟು ಹೇಳಿ. ಮೈಕು ಇಲ್ಲೇ ಇರುತ್ತದೆ. ಇವತ್ತು ಯಾರೂ ಗಂಟೆ ಬಾರಿಸುವುದಿಲ್ಲ.